ಕ್ಯಾಂಪಸ್ಸಿನ ಹಳೆ ಫೈರ್ ಸ್ಟೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್‌ನಲ್ಲಿ ಅಗ್ನಿಶಾಮಕ ಸಪ್ತಾಹ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಕಾಲೇಜುಗಳಿಂದ, ಹಳೆ ಫೈರ್ ಸ್ಟೇಶನ್‌ಗಳ ಫೋಟೊ ತೋರಿಸಿ ಮಾತಾಡಲು ನನಗೆ ಕರೆ ಬರುತ್ತದೆ. ನಾನು ಇಲಾಖೆಯವನಲ್ಲ. ಕಾಲೇಜಿನ ಲ್ಯಾಬ್‌ಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಳೆ ಫೈರ್ ಸ್ಟೇಶನ್‌ಗಳ ನಕ್ಷೆ, ಫೋಟೊ ಹುಡುಕುವ ಹುಚ್ಚು ಹಿಡಿದು, ಅಲ್ಲಿಂದ ಕ್ಯಾಂಪಸ್ ಸುರಕ್ಷತೆಯ ಮಾತಿಗೆ ಬಂದವನು. ವಿದ್ಯಾರ್ಥಿಗಳು, ವಾರ್ಡನ್‌ಗಳು, ಲೈಬ್ರರಿಯವರು, ಗೇಟಿನ ಸೆಕ್ಯುರಿಟಿಯವರು ಎದುರಿಗೆ ಕೇಳಿದ್ದು, ಆಮೇಲೆ ಪತ್ರ, ಮೆಸೇಜ್‌ಗಳಲ್ಲಿ ಕೇಳಿದ್ದು ಎಲ್ಲ ಇಲ್ಲಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲಿಗೆ ಕೇಳುವಂಥವು

ಯೂನಿವರ್ಸಿಟಿ ಒಳಗೆ ಫೈರ್ ಸ್ಟೇಶನ್ ಎಂತಕ್ಕೆ? ಪೇಟೆಯಲ್ಲೇ ಉಂಟಲ್ಲ?

ಪೇಟೆ ದೂರ ಇರುತ್ತಿತ್ತು, ಅದಕ್ಕೆ. ಅಮೆರಿಕದ ಹಳೆ ಯೂನಿವರ್ಸಿಟಿಗಳು ಎಷ್ಟೋ ಊರಿನಾಚೆ, ಹೊಲಗಳ ನಡುವೆ ಹುಟ್ಟಿದವು. ಇಂಡಿಯಾನಾ ರಾಜ್ಯದ ನೋಟ್ರ ಡೇಮ್ ಯೂನಿವರ್ಸಿಟಿಯ ಕಥೆ ನೋಡಿ. 1879ರ ಏಪ್ರಿಲ್ 23ರಂದು ಅದರ ಮುಖ್ಯ ಕಟ್ಟಡಕ್ಕೆ ಬೆಂಕಿ ಬಿತ್ತು. ಶುರುವಾಗಿದ್ದು ಚಾವಣಿಯಲ್ಲಿ. ಅಷ್ಟು ಎತ್ತರಕ್ಕೆ ಸಾಕಷ್ಟು ನೀರು ಏರಿಸಲು ಆಗಲಿಲ್ಲ. ಕೆಲವೇ ಗಂಟೆಗಳಲ್ಲಿ ಕಟ್ಟಡ ಹೋಯಿತು. ಅದೇ ವರ್ಷ ಅವರು ಕಟ್ಟಡವನ್ನೂ ಎಬ್ಬಿಸಿದರು, ತಮ್ಮದೇ ಅಗ್ನಿಶಾಮಕ ದಳವನ್ನೂ ಕಟ್ಟಿಕೊಂಡರು. ಆ ದಳ ಇವತ್ತಿಗೂ ಇದೆ.

ಇನ್ನೊಂದು ಕಾರಣವೂ ಇದೆ. ಯೂನಿವರ್ಸಿಟಿ ಅಂದರೆ ಒಂದೇ ಕಾಂಪೌಂಡಿನೊಳಗೆ ಹಾಸ್ಟೆಲ್, ಅಡುಗೆಮನೆ, ಕೆಮಿಸ್ಟ್ರಿ ಲ್ಯಾಬ್, ಲೈಬ್ರರಿ ಎಲ್ಲ. ಯಾವ ಕೋಣೆಯಲ್ಲಿ ಥಟ್ಟನೆ ಹೊತ್ತಿಕೊಳ್ಳುವ ಈಥರ್ ಇದೆ, ಎಲ್ಲಿ ಸೋಡಿಯಂ ಇದೆ (ಸೋಡಿಯಂ ಮೇಲೆ ನೀರು ಬಿಟ್ಟರೆ ಕೆಟ್ಟಿರಿ) ಅನ್ನುವುದು ಒಳಗಿನವರಿಗೆ ಗೊತ್ತಿದ್ದಷ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ಕ್ಯಾಂಪಸ್‌ನಲ್ಲಿ ವಿದ್ಯಾರ್ಥಿಗಳೇ ತರಬೇತಿ ಪಡೆದು, ಸ್ಟೇಶನ್‌ನಲ್ಲೇ ವಾಸ ಮಾಡಿಕೊಂಡು, ಕರೆ ಬಂದಾಗ ಗಾಡಿ ಹತ್ತುತ್ತಾರೆ. ಇದನ್ನು ಹೇಳಿದಾಗಲೆಲ್ಲ ನಮ್ಮ ಹುಡುಗರ ಮುಖ ನೋಡಬೇಕು. ಕೂಡಲೇ ಬರುವ ಪ್ರಶ್ನೆ ಒಂದೇ: ಅಟೆಂಡೆನ್ಸ್ ಕೊಡ್ತಾರಾ ಸಾರ್?

ನಮ್ಮ ಕಡೆ ಎಲ್ಲಾದ್ರೂ ಅಂಥದ್ದು ಉಂಟಾ, ನೋಡ್ಲಿಕ್ಕೆ?

ನೂರು ವರ್ಷದ ಕ್ಯಾಂಪಸ್ ಫೈರ್ ಸ್ಟೇಶನ್ ಇರಬೇಕಾದರೆ ಮೊದಲು ಕ್ಯಾಂಪಸ್ಸೇ ಅಷ್ಟು ಹಳೆಯದಿರಬೇಕಲ್ವಾ? ಸುರತ್ಕಲ್‌ನ ಈಗಿನ ಎನ್‌ಐಟಿಕೆ ಶುರುವಾಗಿದ್ದು 1960ರಲ್ಲಿ, ಕೆಆರ್‌ಇಸಿ ಅನ್ನುವ ಹೆಸರಿನಲ್ಲಿ. ಮಣಿಪಾಲದ ಮೆಡಿಕಲ್ ಕಾಲೇಜು ಕೆಎಂಸಿ 1953ರದ್ದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ 1980ರದ್ದು. ಅಷ್ಟು ಹೊತ್ತಿಗೆ ಕುದುರೆ, ಗಂಟೆ, ಗೋಪುರಗಳ ಕಾಲ ಮುಗಿದಿತ್ತು. ಇನ್ನು 1880ರ ಸಂತ ಅಲೋಶಿಯಸ್ ಅಥವಾ ಹಂಪನಕಟ್ಟೆಯ ಹಳೆ ಸರಕಾರಿ ಕಾಲೇಜು, ಅಂದರೆ ಈಗಿನ ಯೂನಿವರ್ಸಿಟಿ ಕಾಲೇಜು, ಎರಡೂ ಪೇಟೆಯ ನಡುವೆಯೇ ಇವೆ, ಪೇಟೆ ದೂರ ಅನ್ನುವ ಕಾರಣ ಅಲ್ಲಿಲ್ಲ.

ಕೆಲಸ ಮಾಡುತ್ತಿರುವ ಸ್ಟೇಶನ್ ನೋಡಬೇಕಾದರೆ ಪಾಂಡೇಶ್ವರ ಅಥವಾ ಕದ್ರಿಗೆ ಹೋಗಿ. ಸಪ್ತಾಹದ ದಿನಗಳಲ್ಲಿ ಕೇಳಿಕೊಂಡರೆ ಮಕ್ಕಳಿಗೆ ಗಾಡಿ, ಪೈಪು, ಉಸಿರಾಟದ ಸಿಲಿಂಡರ್ ಎಲ್ಲ ತೋರಿಸುತ್ತಾರೆ. ಗಂಟೆಗಟ್ಟಲೆ ಅಲ್ಲೇ ನಿಂತು ಕಾಟ ಕೊಡಬೇಡಿ. ಕರೆ ಬಂದರೆ ನೀವು ದಾರಿಯಲ್ಲಿ ಇರಬಾರದು, ಅಷ್ಟೇ.

ಏಪ್ರಿಲ್ 14ರಂದೇ ಯಾಕೆ ಆ ದಿನಾಚರಣೆ?

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಹಡಗಿನಲ್ಲಿ ಹತ್ತಿಯೂ ಇತ್ತು, ಸಾವಿರ ಟನ್ನಿಗೂ ಮಿಕ್ಕಿದ ಸ್ಫೋಟಕವೂ ಇತ್ತು. ಫೈರ್‌ನವರು ನೀರು ಬಿಡುತ್ತಿದ್ದಾಗಲೇ ಸಂಜೆ ನಾಲ್ಕರ ನಂತರ ಎರಡು ಬಾರಿ ಸ್ಫೋಟವಾಯಿತು. 66 ಮಂದಿ ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಆ ದಿನ ಅಗ್ನಿಶಾಮಕ ದಿನಾಚರಣೆ, ಅದರ ಬೆನ್ನಿಗೆ 20ರವರೆಗೆ ಸಪ್ತಾಹ.

ಬೆಂಕಿ ಕಂಡ್ರೆ 101ಕ್ಕೆ ಮಾಡ್ಬೇಕಾ, 112ಕ್ಕಾ? ಎಂತ ಹೇಳ್ಬೇಕು?

ಎರಡರಲ್ಲಿ ಯಾವುದಾದರೂ ಸರಿ. ಹೇಳಬೇಕಾದದ್ದು: ಎಲ್ಲಿ, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರಾ, ನಿಮ್ಮ ನಂಬರ್. ಅವರು ಇಡುವ ಮೊದಲು ನೀವು ಫೋನ್ ಇಡಬೇಡಿ.

ಕ್ಯಾಂಪಸ್‌ನಲ್ಲಿ ಇದಕ್ಕೆ ಇನ್ನೊಂದು ಸೇರಿಸಬೇಕು: ಯಾವ ಗೇಟು. ‘ಮೆಕ್ಯಾನಿಕಲ್ ಬ್ಲಾಕ್ ಹತ್ತಿರ’ ಅಂದರೆ ಹೊರಗಿನ ಡ್ರೈವರ್‌ಗೆ ಏನೂ ಅರ್ಥವಾಗುವುದಿಲ್ಲ. ಹೆದ್ದಾರಿಯಿಂದ ಬರುವಾಗ ಯಾವ ಗೇಟು, ರಾತ್ರಿ ಅದು ತೆರೆದಿರುತ್ತದಾ, ಕಮಾನಿನ ಕೆಳಗೆ ಗಾಡಿ ಹಿಡಿಯುತ್ತದಾ, ಇಷ್ಟು ಹೇಳಿ. ಒಬ್ಬರನ್ನು ಟಾರ್ಚ್ ಕೊಟ್ಟು ಗೇಟಿನಲ್ಲಿ ನಿಲ್ಲಿಸಿ. ಬಾಡಿಗೆ ಕೊಟ್ಟು ಚಂದದ ಸ್ವಾಗತ ಕಮಾನು ಕಟ್ಟಿಸುವ ಕಾಲೇಜುಗಳಿಗೆ ನನ್ನದೊಂದು ಮಾತು: ವಾರ್ಷಿಕೋತ್ಸವದ ದಿನ ಆ ಕಮಾನಿನ ಎತ್ತರ ಅಳೆದು ನೋಡಿ.

## ಹಳೆ ಸ್ಟೇಶನ್ ಕಟ್ಟಡದ ಬಗ್ಗೆ

ಫೋಟೊದಲ್ಲಿ ಎಲ್ಲ ಹಳೆ ಸ್ಟೇಶನ್‌ಗೂ ಒಂದು ಗೋಪುರ ಉಂಟಲ್ಲ, ಅದು ಗಂಟೆ ಹೊಡೀಲಿಕ್ಕಾ?

ಗಂಟೆಗೂ ಹೌದು, ಊರಿನಲ್ಲಿ ಎಲ್ಲಿ ಹೊಗೆ ಎದ್ದಿದೆ ಅಂತ ನೋಡುವುದಕ್ಕೂ ಹೌದು. ಆದರೆ ಅದರ ದಿನನಿತ್ಯದ ಕೆಲಸ ಬೇರೆ. ಅದು ಪೈಪು ಒಣಗಿಸುವ ಜಾಗ.

ನೀರು ಹಾಯಿಸುವ ಹೋಸ್ ಪೈಪನ್ನು 1670ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಯಾನ್ ವಾನ್ ಡೆರ್ ಹೈಡನ್ ಮೊದಲು ಮಾಡಿದಾಗ ಅದು ಚರ್ಮದ್ದಾಗಿತ್ತು. ಆಮೇಲೆ ಹತ್ತಿಯ, ಸೆಣಬಿನ, ಕ್ಯಾನ್ವಾಸಿನ ಪೈಪುಗಳು ಬಂದವು. ಹಗುರ, ಅಗ್ಗ, ಸುತ್ತಿಡಲು ಸುಲಭ. ಒಂದೇ ತೊಂದರೆ: ಒದ್ದೆಯಾಗಿ ಸುತ್ತಿಟ್ಟರೆ ಬೂಷ್ಟು ಹಿಡಿದು ನೂಲು ಕೊಳೆಯುತ್ತದೆ. ಮುಂದಿನ ಬೆಂಕಿಯಲ್ಲಿ ಪಂಪಿನ ಒತ್ತಡ ಬಿದ್ದ ಕೂಡಲೇ ಅಲ್ಲೇ ಒಡೆಯುತ್ತದೆ. ಹಾಗಾಗಿ ಪ್ರತಿ ಸಲ ಬಳಸಿದ ಮೇಲೆ ತೊಳೆದು, ನೀರು ಪೂರ್ತಿ ಇಳಿದು ಹೋಗುವಂತೆ ಉದ್ದಕ್ಕೆ ನೇತುಹಾಕಬೇಕು. ಒಂದು ಪೈಪು ಸುಮಾರು 15 ಮೀಟರ್. ಮಡಚದೆ ನೇತುಹಾಕಬೇಕಾದರೆ ಅಷ್ಟೇ ಎತ್ತರದ ಗೋಪುರ ಬೇಕು. ಮೇಲೆ ಕಪ್ಪಿ, ಕೆಳಗೆ ನೀರು ಹೋಗಲು ಚರಂಡಿ, ಗಾಳಿಗೆ ಓರೆ ಪಟ್ಟಿಯ ಕಿಟಕಿ. ಅಷ್ಟಿದ್ದರೆ ಮುಗಿಯಿತು.

ನಮ್ಮ ಜಡಿಮಳೆಯ ಆಟಿ ತಿಂಗಳಲ್ಲಿ ಬೈರಾಸು (ಟವೆಲ್) ಒಣಗಿಸಲು ಒದ್ದಾಡುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಈಗಿನ ಪೈಪುಗಳ ಒಳಗೆ ರಬ್ಬರ್ ಪದರ, ಹೊರಗೆ ಸಿಂಥೆಟಿಕ್ ನೂಲು. ಅವು ಹಾಗೆ ಕೊಳೆಯುವುದಿಲ್ಲ. ಗೋಪುರದ ಕೆಲಸ ಹೋಯಿತು, ಹೊಸ ಸ್ಟೇಶನ್‌ಗಳಲ್ಲಿ ಗೋಪುರವೂ ಹೋಯಿತು. ಹಳೆ ಸ್ಟೇಶನ್‌ನಲ್ಲಿ ನನಗೆ ಇಷ್ಟವಾಗುವುದೇ ಇದು. ನೋಡಲು ಚಂದ ಅನ್ನಿಸುವ ಪ್ರತಿಯೊಂದರ ಹಿಂದೆಯೂ ನೀರಿನದೋ ಸೆಕೆಂಡಿನದೋ ಒಂದು ಲೆಕ್ಕ ಇರುತ್ತದೆ.

ಕಂಬ ಹಿಡಿದು ಜಾರೋದು ಸಿನಿಮಾದಲ್ಲಿ ಮಾತ್ರವಾ?

ಅಲ್ಲ, ನಿಜವಾಗಿ ಜಾರುತ್ತಿದ್ದರು. ಶಿಕಾಗೊದಲ್ಲಿ 1878ರಲ್ಲಿ ಕ್ಯಾಪ್ಟನ್ ಡೇವಿಡ್ ಕೆನ್ಯನ್ ಇದನ್ನು ಶುರುಮಾಡಿದ. ಅವನ ಸ್ಟೇಶನ್‌ನಲ್ಲಿ ಕೆಳಗೆ ಗಾಡಿ, ಮೇಲೆ ಹುಲ್ಲಿನ ಅಟ್ಟ. ಹುಲ್ಲು ಕಟ್ಟಲು ಬಳಸುವ ಮರದ ಗಳ ಹಿಡಿದು ಒಬ್ಬ ಸಿಬ್ಬಂದಿ ಸರ್ರನೆ ಇಳಿದದ್ದನ್ನು ನೋಡಿ ಅವನಿಗೆ ಹೊಳೆಯಿತಂತೆ. ಮೊದಲು ಉಳಿದ ಸ್ಟೇಶನ್‌ನವರು ನಕ್ಕರು. ಆಮೇಲೆ ಇವರ ಗಾಡಿಯೇ ಎಲ್ಲರಿಗಿಂತ ಮೊದಲು ಮುಟ್ಟತೊಡಗಿದಾಗ ನಗು ನಿಂತಿತು. 1880ರಲ್ಲಿ ಬಾಸ್ಟನ್‌ನವರು ಹಿತ್ತಾಳೆಯ ಕಂಬ ಹಾಕಿದರು.

ಈಗ ಅನೇಕ ಕಡೆ ಕಂಬ ತೆಗೆಯುತ್ತಿದ್ದಾರೆ. ಕಾಲು ಮುರಿದುಕೊಂಡವರು, ನಿದ್ದೆಗಣ್ಣಿನಲ್ಲಿ ತೂತಿಗೆ ಬಿದ್ದವರು ಇದ್ದಾರೆ. ಹೊಸ ಸ್ಟೇಶನ್‌ಗಳನ್ನು ಒಂದೇ ಅಂತಸ್ತಿಗೆ ಕಟ್ಟಿದರೆ ಕಂಬದ ಪ್ರಶ್ನೆಯೇ ಬರುವುದಿಲ್ಲ.

ಹಳೆ ಸ್ಟೇಶನ್‌ಗಳ ಸುರುಳಿ ಮೆಟ್ಟಿಲಿಗೂ ಒಂದು ಕಾರಣ ಹೇಳುತ್ತಾರೆ. ಗಾಡಿ ಎಳೆಯುವ ಕುದುರೆಗಳು ಕೆಳಗೇ ಇರುತ್ತಿದ್ದವು. ಮೇಲಿನಿಂದ ಅಡುಗೆಯ ವಾಸನೆ ಬಂದರೆ ನೇರ ಮೆಟ್ಟಿಲು ಹತ್ತಿಬಿಡುತ್ತಿದ್ದವಂತೆ. ಹತ್ತಿದ ಕುದುರೆಯನ್ನು ಇಳಿಸುವುದು ಬೆಂಕಿ ಆರಿಸುವುದಕ್ಕಿಂತ ಕಷ್ಟ.

ಬಾಗಿಲು ಅಷ್ಟು ದೊಡ್ಡದುಂಟು, ಆದ್ರೂ ಸ್ಟೇಶನ್ ಮುಚ್ಚಿದ್ರು. ಯಾಕೆ?

ಆ ಬಾಗಿಲು ಕುದುರೆ ಗಾಡಿಗೆ ದೊಡ್ಡದು, ಈಗಿನ ಗಾಡಿಗೆ ಅಲ್ಲ. ನಮ್ಮಲ್ಲಿ ಓಡಾಡುವ ಸಾಮಾನ್ಯ ವಾಟರ್ ಟೆಂಡರ್ 4,500 ಲೀಟರ್ ನೀರು ಹೊರುತ್ತದೆ. ನೀರಿನ ತೂಕವೇ ನಾಲ್ಕೂವರೆ ಟನ್. ಅದರ ಮೇಲೆ ಲಾರಿ, ಪಂಪು, ಏಣಿ, ಜನ. ಹಳೆ ನೆಲ ಅದನ್ನು ತಾಳುವುದಿಲ್ಲ, ಎತ್ತರ ಸಾಲುವುದಿಲ್ಲ. ಮುಂದಿನ ಅಂಗಳದಲ್ಲಿ ಗಾಡಿ ತಿರುಗುವುದಿಲ್ಲ. ಕ್ಯಾಂಪಸ್ ಬೆಳೆದು ಹಾಸ್ಟೆಲ್‌ಗಳು ಇನ್ನೊಂದು ಮೂಲೆಗೆ ಹೋದ ಮೇಲೆ ಸ್ಟೇಶನ್ ತಪ್ಪು ಜಾಗದಲ್ಲಿ ಉಳಿಯುವುದೂ ಉಂಟು.

ಕೆಲಸ ನಿಂತ ಸ್ಟೇಶನ್ ಇಟ್ಕೊಂಡು ಎಂತ ಮಾಡೋದು? ಕೆಡವಿ ಪಾರ್ಕಿಂಗ್ ಮಾಡಬಹುದಲ್ಲ?

ಮಾಡಬಹುದು. ಎಷ್ಟೋ ಕಡೆ ಮಾಡಿದ್ದಾರೆ ಕೂಡ. ನನಗೆ ಹೊಟ್ಟೆ ಉರಿಯುತ್ತದೆ, ಅಷ್ಟೇ.

ನಿಜ ಹೇಳಬೇಕಾದರೆ ಫೈರ್ ಸ್ಟೇಶನ್‌ನಷ್ಟು ಸುಲಭವಾಗಿ ಬೇರೆ ಕೆಲಸಕ್ಕೆ ಒಗ್ಗುವ ಹಳೆ ಕಟ್ಟಡ ಕಡಿಮೆ. ಕೆಳಗೆ ನಡುವೆ ಕಂಬವಿಲ್ಲದ ದೊಡ್ಡ ಹಾಲ್, ರಸ್ತೆಗೆ ತೆರೆಯುವ ಬಾಗಿಲುಗಳು, ಮೇಲೆ ಮಲಗುವ ಕೋಣೆಗಳು. ನಾಟಕದ ರಿಹರ್ಸಲ್‌ಗೆ, ವರ್ಕ್‌ಶಾಪಿಗೆ, ಕ್ಯಾಂಟೀನಿಗೆ ಹೇಳಿ ಮಾಡಿಸಿದ ಜಾಗ. ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸಿನ ಹಳೆ ಫೈರ್ ಟ್ರಕ್ ಹೌಸ್ ವಿದ್ಯಾರ್ಥಿ ಸಂಘಟನೆಗಳ ಕೈಗೆ ಬಂದಿದೆ. ಜರ್ಮನಿಯಲ್ಲಿ ವಿಟ್ರಾ ಎಂಬ ಪೀಠೋಪಕರಣ ಕಂಪನಿಯ ಕಾರ್ಖಾನೆ 1981ರಲ್ಲಿ ಸುಟ್ಟಿತು. ಮುಂದೆ ಆ ಕಾರ್ಖಾನೆಯ ಆವರಣಕ್ಕೆ ವಾಸ್ತುಶಿಲ್ಪಿ ಜಾಹಾ ಹದೀದ್ 1993ರಲ್ಲಿ ಒಂದು ಫೈರ್ ಸ್ಟೇಶನ್ ಕಟ್ಟಿಕೊಟ್ಟರು. ಈಗ ಅಲ್ಲಿ ಫೈರ್‌ನವರಿಲ್ಲ, ಪ್ರದರ್ಶನಗಳು ನಡೆಯುತ್ತವೆ, ಜನ ಟಿಕೆಟ್ ತೆಗೆದು ನೋಡುತ್ತಾರೆ.

ನನ್ನ ಕೋರಿಕೆ ಇಷ್ಟೇ. ಬಣ್ಣ ಬಳಿಯುವ ಮೊದಲು ಗುರುತುಗಳನ್ನು ನೋಡಿಕೊಳ್ಳಿ. ಕಪ್ಪಿ ನೇತಾಡಿದ ಕೊಂಡಿ, ಕಂಬ ಇಳಿದ ತೂತು, ನೆಲದ ಇಳಿಜಾರು, ಹೆಲ್ಮೆಟ್ ಸಾಲಿನ ಮೊಳೆಗಳು. ಅವನ್ನು ಮುಚ್ಚಿ ನುಣುಪು ಮಾಡಿದರೆ ಉಳಿಯುವುದು ಯಾವುದೋ ಒಂದು ಗೋಡೌನ್.

## ನಮ್ಮ ಕ್ಯಾಂಪಸ್, ನಮ್ಮ ಬೆಂಕಿ

ನಮ್ಮದು ಮುರಕಲ್ಲು, ಮಂಗಳೂರು ಹಂಚಿನ ಕಟ್ಟಡ. ಇದಕ್ಕೆ ಬೆಂಕಿ ಹಿಡಿಯೋದಿಲ್ಲ ಅಲ್ವಾ?

ಕಲ್ಲಿಗೆ ಹಿಡಿಯುವುದಿಲ್ಲ, ಹಂಚಿಗೂ ಹಿಡಿಯುವುದಿಲ್ಲ. ಮುಳಿಹುಲ್ಲು, ಮಡಲಿನ ಮಾಡಿಗೆ ಹೋಲಿಸಿದರೆ ಹಂಚು ದೊಡ್ಡ ರಕ್ಷಣೆಯೇ. ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚಿನ ಮಾಡು ಊರೂರಿಗೆ ಹಬ್ಬಿತು. ಪಕ್ಕದ ಮನೆಯಿಂದ ಹಾರಿ ಬಂದ ಕಿಡಿಗೆ ಮಾಡು ಹತ್ತಿಕೊಳ್ಳುವ ಭಯ ಅಲ್ಲಿಗೆ ತಪ್ಪಿತು.

ಆದರೆ ಹಂಚಿನ ಕೆಳಗೆ ಏನಿದೆ? ಮರದ ಪಕಾಸು, ರೀಪು, ಮರದ ಮುಚ್ಚಿಗೆ (ಒಳಚಾವಣಿ). ಮುಚ್ಚಿಗೆಗೂ ಹಂಚಿಗೂ ನಡುವೆ ಯಾರೂ ಹತ್ತಿ ನೋಡದ ಕತ್ತಲೆ ಜಾಗ. ಅಲ್ಲಿ ಏಣಿ ಇಟ್ಟು ಟಾರ್ಚ್ ಬಿಟ್ಟು ನೋಡಿ. ಮೂವತ್ತು ನಲವತ್ತು ವರ್ಷದ ಧೂಳು, ಹಕ್ಕಿಗೂಡಿನ ಒಣಹುಲ್ಲು, ಹಳೆ ಉತ್ತರಪತ್ರಿಕೆಯ ಕಟ್ಟುಗಳು, ಇಲಿ ಕಡಿದು ತಾಮ್ರ ಹೊಳೆಯುವ ವಯರ್. ಹಳೆಯ ಬಟ್ಟೆ ಸುತ್ತಿದ ವಯರಿನ ಮೇಲೆಯೇ ಹೊಸ ಎಸಿಯ ಲೈನ್ ಎಳೆದದ್ದನ್ನೂ ನೋಡಿದ್ದೇನೆ. ಬೆಂಕಿ ಹುಟ್ಟುವುದು ಅಲ್ಲಿ.

ಒಂದು ಸಮಾಧಾನವಿದೆ. ದಪ್ಪ ಮರದ ತೊಲೆ ಹೊರಗೆ ಇದ್ದಿಲಾಗುತ್ತಾ ನಿಧಾನ ಸುಡುತ್ತದೆ, ಒಳಗಿನ ತಿರುಳು ಭಾರ ಹೊತ್ತು ನಿಂತಿರುತ್ತದೆ. ರಕ್ಷಣೆಯಿಲ್ಲದ ಉಕ್ಕು ಹಾಗಲ್ಲ. ಸುಮಾರು 550 ಡಿಗ್ರಿ ಮುಟ್ಟುವಾಗ ಅದರ ಬಲ ಅರ್ಧಕ್ಕೆ ಇಳಿಯುತ್ತದೆ, ಬಾಗುತ್ತದೆ. ಹಾಗಾಗಿ ಹಳೆ ಮಾಡು ತೆಗೆದು ಶೀಟು, ಕಬ್ಬಿಣದ ಪೈಪು ಹಾಕಿಸಿ ‘ಈಗ ಸೇಫ್’ ಅನ್ನುವುದರಲ್ಲಿ ಪೂರ್ತಿ ಸತ್ಯವಿಲ್ಲ. ಇನ್ನೊಂದು: ಕಾದ ಹಂಚಿಗೆ ನೀರು ಬಿದ್ದರೆ ಸಿಡಿದು ಉದುರುತ್ತದೆ. ಕೆಳಗೆ ನಿಂತು ವಿಡಿಯೊ ಮಾಡುವವರು ಇದನ್ನು ತಿಳಿದಿರಲಿ.

ಜನವರಿ ಕಳೆದ ಮೇಲೆ ಗುಡ್ಡೆಗೆ ಬೆಂಕಿ ಬೀಳ್ತದೆ. ಅದರಿಂದ ಕ್ಯಾಂಪಸ್‌ಗೆ ಎಂತ ಆಗ್ಲಿಕ್ಕುಂಟು?

ಆಗಲಿಕ್ಕೆ ಉಂಟು. ಕೇಪ್‌ಟೌನ್ ಯೂನಿವರ್ಸಿಟಿಯನ್ನು ಕೇಳಿ. 2021ರ ಏಪ್ರಿಲ್ 18ರಂದು ಪಕ್ಕದ ಬೆಟ್ಟದ ಇಳಿಜಾರಿನಲ್ಲಿ ಎದ್ದ ಕಾಡುಬೆಂಕಿ ಗಾಳಿಗೆ ಇಳಿದು ಬಂತು. ಕ್ಯಾಂಪಸ್ಸಿನ ಜ್ಯಾಗರ್ ಲೈಬ್ರರಿಯ ಓದುಕೋಣೆ ಸುಟ್ಟುಹೋಯಿತು, ಆಫ್ರಿಕಾ ಕುರಿತ ಅಪರೂಪದ ಪುಸ್ತಕ, ಫಿಲ್ಮುಗಳು ಹೋದವು. ಬೆಂಕಿ ತಡೆಯುವ ಶಟರ್‌ಗಳು ತಾವಾಗಿ ಮುಚ್ಚಿಕೊಂಡದ್ದರಿಂದ ಸಂಗ್ರಹದ ಉಳಿದ ಭಾಗ ಬೆಂಕಿಯಿಂದ ಪಾರಾಯಿತು.

ಕೊಣಾಜೆ, ಮಣಿಪಾಲ ಎರಡೂ ಮುರಕಲ್ಲಿನ ಗುಡ್ಡೆಯ ಮೇಲೆ ಇರುವ ಊರುಗಳು. ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಮುಳಿ ಫೆಬ್ರವರಿಯ ಹೊತ್ತಿಗೆ ಕಡ್ಡಿ ಗೀರಿದರೆ ಸಾಕು ಅನ್ನುವ ಹಾಗೆ ಒಣಗಿರುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರು. ಪಡುವಣದಿಂದ ಬೀಸುವ ಆ ಗಾಳಿಗೆ ಬೆಂಕಿ ಗುಡ್ಡೆ ಹತ್ತುತ್ತದೆ, ಇಳಿಜಾರಿನಲ್ಲಿ ಮೇಲ್ಮುಖವಾಗಿ ಅದು ಇನ್ನೂ ವೇಗ. ಆದ್ದರಿಂದ ಕಟ್ಟಡದ ಪಡುವಣ ಬದಿಯಲ್ಲಿ ಹುಲ್ಲು ಕೆತ್ತಿ ಪಟ್ಟಿ ಬಿಡುವ ಕೆಲಸ ಡಿಸೆಂಬರ್‌ನಲ್ಲೇ ಮುಗಿಯಬೇಕು. ಕೆತ್ತಿದ ಹುಲ್ಲನ್ನು ಅಲ್ಲೇ ರಾಶಿ ಹಾಕಿ ಸುಡುವುದು ಬೇಡ. ನಾನು ಕೇಳಿದ ಗುಡ್ಡೆ ಬೆಂಕಿಯ ಕಥೆಗಳಲ್ಲಿ ಜಾಸ್ತಿ ಶುರುವಾಗುವುದೇ ಹಾಗೆ.

ಹಾಸ್ಟೆಲ್ ರೂಮಲ್ಲಿ ಒಂದು ಹೀಟರ್ ಕಾಯಿಲ್ ಇಟ್ರೆ ವಾರ್ಡನ್ ಯಾಕೆ ಅಷ್ಟು ಬೈತಾರೆ?

ಬಕೆಟ್ ಪ್ಲಾಸ್ಟಿಕ್, ಕಾಯಿಲ್ ಕೆಂಪು, ನೀವು ಫೋನಿನಲ್ಲಿ. ಉಳಿದದ್ದು ಊಹಿಸಿಕೊಳ್ಳಿ. ಬೈಯುವ ವಾರ್ಡನ್‌ಗೂ ನನ್ನದೊಂದು ಮರುಪ್ರಶ್ನೆ ಇರುತ್ತದೆ: ಟೆರೇಸ್ ಬಾಗಿಲಿನ ಬೀಗದ ಕೀ ಯಾರ ಹತ್ತಿರ ಇದೆ, ರಾತ್ರಿ ಎರಡು ಗಂಟೆಗೆ ಅವರು ಎಲ್ಲಿರುತ್ತಾರೆ? ಕಿಟಕಿಗೆಲ್ಲ ಗ್ರಿಲ್, ಹೊರಬಾಗಿಲಿಗೆ ಬೀಗ ಇದ್ದರೆ ಹೊಗೆ ಬಂದಾಗ ಮಕ್ಕಳು ಹೋಗುವುದೆಲ್ಲಿಗೆ? ಬೆಂಕಿಯಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರು ಜಾಸ್ತಿ.

ಕೆಂಪು ಸಿಲಿಂಡರ್ ಗೋಡೆಯಲ್ಲಿ ನೇತಾಡ್ತಾ ಉಂಟು, ಉಪಯೋಗಿಸ್ಲಿಕ್ಕೆ ಯಾರಿಗೂ ಗೊತ್ತಿಲ್ಲ. ಒಮ್ಮೆ ಹೇಳಿ.

ಪಿನ್ ಎಳೆಯಿರಿ. ಕೊಳವೆಯನ್ನು ಜ್ವಾಲೆಗಲ್ಲ, ಬುಡಕ್ಕೆ ಹಿಡಿಯಿರಿ. ಹಿಡಿಕೆ ಒತ್ತಿ. ಗುಡಿಸಿದ ಹಾಗೆ ಆಚೀಚೆ ಆಡಿಸಿ. ಬಾಗಿಲು ನಿಮ್ಮ ಬೆನ್ನ ಹಿಂದೆ ಇರಲಿ. ಅದು ಅರ್ಧ ನಿಮಿಷದೊಳಗೆ ಖಾಲಿಯಾಗುತ್ತದೆ, ಅಷ್ಟರಲ್ಲಿ ಆರದಿದ್ದರೆ ಹೊರಗೆ ಬನ್ನಿ.

ಕರೆಂಟಿನ ಬೆಂಕಿಗೆ ಕಾರ್ಬನ್ ಡೈ ಆಕ್ಸೈಡ್ ಅಥವಾ ಎಬಿಸಿ ಪೌಡರ್, ನೀರು ಬೇಡವೇ ಬೇಡ. ಮೆಸ್ಸಿನ ಕಾದ ಎಣ್ಣೆಗೂ ನೀರು ಬೇಡ. ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಿ. ಗೇಜಿನ ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡುವ ಕೆಲಸವನ್ನು ಯಾರಾದರೂ ಒಬ್ಬರ ಹೆಸರಿಗೆ ಹಚ್ಚಿ. ಎಲ್ಲರ ಕೆಲಸ ಅಂದರೆ ಯಾರೂ ನೋಡುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ನಮ್ಮ ಕ್ಯಾಂಪಸ್‌ನಲ್ಲಿ ಮೇ ತಿಂಗಳಲ್ಲೂ ಬತ್ತದ ಬಾವಿ ಉಂಟು. ಮತ್ತೆ ಬೆಂಕಿಗೆ ಅಂತ ಬೇರೆ ಟ್ಯಾಂಕ್ ಯಾಕೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಉತ್ತರ ಹೈಸ್ಕೂಲ್ ಫಿಸಿಕ್ಸ್‌ನಲ್ಲಿದೆ.

ಫೈರ್ ಇಂಜಿನ್ನಿನ ಪಂಪು ಗಾಡಿಯ ಮೇಲೆಯೇ ಇರುತ್ತದೆ. ಅದು ಪೈಪಿನಿಂದ ಗಾಳಿ ಎಳೆದು ತೆಗೆಯುತ್ತದೆ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾತಾವರಣದ ಒತ್ತಡ. ಆ ಒತ್ತಡ ಎಷ್ಟೇ ಮಾಡಿದರೂ ಸುಮಾರು 10 ಮೀಟರ್‌ಗಿಂತ ಮೇಲೆ ನೀರು ತಳ್ಳಲಾರದು. ಸೋರಿಕೆ, ಪೈಪಿನ ತಡೆ ಎಲ್ಲ ಕಳೆದರೆ ಕೈಗೆ ಸಿಗುವುದು ಸುಮಾರು 7 ಮೀಟರ್. ಎಷ್ಟೇ ದೊಡ್ಡ ಇಂಜಿನ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ಈಗ ಮೇ ತಿಂಗಳಲ್ಲಿ ನಿಮ್ಮ ಬಾವಿಯ ದಂಡೆಗೆ ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ನೀರು ಮುಟ್ಟುವವರೆಗಿನ ಆಳ ಅಳೆಯಿರಿ. ಗುಡ್ಡೆಯ ಮೇಲಿನ ಬಾವಿಯಾದರೆ ಹತ್ತು ಹನ್ನೆರಡು ಮೀಟರ್ ಇರುವುದು ವಿಶೇಷವೇನಲ್ಲ. ನೀರು ಕಣ್ಣೆದುರು ಹೊಳೆಯುತ್ತಿರುತ್ತದೆ, ಗಾಡಿಗೆ ಸಿಗುವುದಿಲ್ಲ. ಬಾವಿಗೆ ಇಳಿಬಿಟ್ಟ ಸಬ್‌ಮರ್ಸಿಬಲ್ ಪಂಪು ಉಂಟಲ್ಲ ಅನ್ನುತ್ತಾರೆ. ಉಂಟು, ಆದರೆ ಬೆಂಕಿ ಬಿದ್ದ ಕೂಡಲೇ ಮೊದಲು ತೆಗೆಯುವುದೇ ಮೇನ್ ಸ್ವಿಚ್ಚನ್ನು.

ಅದಕ್ಕೆ ನೆಲಮಟ್ಟದ ಟ್ಯಾಂಕ್, ಗಾಡಿ ಹತ್ತಿರ ಹೋಗಿ ಪೈಪು ಇಳಿಸುವ ಹಾಗೆ. ಗಾಡಿಯಲ್ಲಿ ಬರುವ ನೀರು ಎರಡು ಪೈಪು ಪೂರ್ತಿ ಬಿಟ್ಟರೆ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ತುಂಬಿಸುವುದೆಲ್ಲಿ? 2018ರ ಸೆಪ್ಟೆಂಬರ್ 2ರಂದು ರಿಯೊದಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ ಸುಟ್ಟಿತು. ಅದೂ ಒಂದು ಯೂನಿವರ್ಸಿಟಿಗೆ ಸೇರಿದ್ದೇ. ಹತ್ತಿರದ, ಗಾಡಿಯ ಪೈಪು ಕೂಡಿಸುವ ನೀರಿನ ನಲ್ಲಿಗಳಾದ ಹೈಡ್ರೆಂಟ್‌ಗಳಲ್ಲಿ ನೀರಿರಲಿಲ್ಲ. ಪಕ್ಕದ ಕೆರೆಯಿಂದ, ಟ್ಯಾಂಕರ್‌ಗಳಿಂದ ನೀರು ತರಬೇಕಾಯಿತು. ಸುಮಾರು ಎರಡು ಕೋಟಿ ವಸ್ತುಗಳಿದ್ದ ಸಂಗ್ರಹದಲ್ಲಿ ಹೆಚ್ಚಿನ ಪಾಲು ಹೋಯಿತು.

ಬಾವಿಯ ಮಾತು ಬಂದದ್ದಕ್ಕೆ ಇನ್ನೊಂದು. ಕರಾವಳಿಯ ಫೈರ್‌ನವರಿಗೆ ಬಾವಿಗೆ ಬಿದ್ದ ದನ, ಜನ ಎತ್ತುವ ಕರೆ ಮಾಮೂಲು. ಆಳದ ಬಾವಿಯಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು. ಒಬ್ಬ ಕೆಳಗೆ ಬಿದ್ದು ಮಾತಾಡುತ್ತಿಲ್ಲ ಅಂತ ಇನ್ನೊಬ್ಬ ಇಳಿಯುವುದು, ಅವನನ್ನು ಎತ್ತಲು ಮತ್ತೊಬ್ಬ ಇಳಿಯುವುದು, ಹೀಗೇ ಒಂದರ ಹಿಂದೆ ಒಂದು ಜೀವ ಹೋಗುತ್ತದೆ. ಇಳಿಯಬೇಡಿ. ಕರೆ ಮಾಡಿ.

ಹೈಡ್ರೆಂಟ್ ಹಾಕಿಸಿದ್ದೇವೆ, ಸರ್ಟಿಫಿಕೇಟೂ ಉಂಟು. ಇನ್ನು ಭಯ ಇಲ್ಲ ಅಲ್ವಾ?

ಸರ್ಟಿಫಿಕೇಟಿನಿಂದ ನೀರು ಬರುವುದಿಲ್ಲ. ಒಂದು ಕಾಲೇಜಿನಲ್ಲಿ ಕೆಂಪು ಹೋಸ್ ಪೆಟ್ಟಿಗೆಯ ಗಾಜಿನ ಬಾಗಿಲಿಗೆ ಹೊಸ ಬಣ್ಣ ಹೊಡೆದಿದ್ದರು. ತೆರೆದರೆ ಒಳಗೆ ಎರಡು ಹಿಡಿಸೂಡಿ, ಫಿನಾಯಿಲ್ ಬಾಟಲಿ, ಒಂದು ಕ್ರಿಕೆಟ್ ಬ್ಯಾಟ್. ಪೈಪಿನ ತುದಿಗೆ ಹಾಕುವ ಹಿತ್ತಾಳೆಯ ಬ್ರಾಂಚ್ ಇರಲಿಲ್ಲ. ಹಿತ್ತಾಳೆಗೆ ಗುಜರಿಯಲ್ಲಿ ಒಳ್ಳೆ ರೇಟು ಇದೆ ಅಂತ ಅಲ್ಲಿನ ಅಟೆಂಡರ್ ನಗುತ್ತಲೇ ಹೇಳಿದರು.

ಪೆಟ್ಟಿಗೆ ಸರಿಯಿದ್ದರೂ ನೋಡಬೇಕಾದದ್ದು ಜೋಡಣೆ. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ಹೊತ್ತಿ ಉರಿದಾಗ ಅಕ್ಕಪಕ್ಕದ ಊರುಗಳಿಂದ ಸಹಾಯಕ್ಕೆ ಗಾಡಿಗಳು ಬಂದವು. ಅವರ ಪೈಪು ಬಾಲ್ಟಿಮೋರಿನ ಹೈಡ್ರೆಂಟಿಗೆ ಕೂಡಲಿಲ್ಲ. ತಿರುಪಿನ ಅಳತೆ ಬೇರೆ. ಬಂದವರು ಪರದಾಡಬೇಕಾಯಿತು. 1,500ಕ್ಕೂ ಹೆಚ್ಚು ಕಟ್ಟಡಗಳು ಹೋದವು. ನಮ್ಮಲ್ಲಿ ಐಎಸ್ 903 ಎಂಬ ಮಾನಕ ಇರುವುದು ಈ ತಾಪತ್ರಯ ಬರಬಾರದು ಅಂತಲೇ. ಒತ್ತಿದರೆ ಟಕ್ ಅಂತ ಕೂಡುವ 63 ಮಿಲಿಮೀಟರಿನ ಕಪ್ಲಿಂಗ್. ಆದರೆ ಕಟ್ಟುವವರು ಅಗ್ಗಕ್ಕೆ ಸಿಕ್ಕಿದ್ದನ್ನು ಹಾಕಿದ್ದರೆ, ಅಥವಾ ಉಪ್ಪುಗಾಳಿಗೆ ವಾಲ್ವ್ ಜಡ್ಡುಗಟ್ಟಿದ್ದರೆ? ಸುರತ್ಕಲ್, ಮಲ್ಪೆಯಂಥ ಕಡಲ ಬದಿಯಲ್ಲಿ ಕಬ್ಬಿಣ ಎಷ್ಟು ಬೇಗ ತಿನ್ನಿಸಿಕೊಳ್ಳುತ್ತದೆ ಅಂತ ಯಾರಿಗೂ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಹತ್ತಿರದ ಸ್ಟೇಶನ್‌ನವರನ್ನು ಕರೆಸಿ ಅವರ ಪೈಪು ಕೂಡಿಸಿ ನೀರು ಬಿಟ್ಟು ನೋಡಿ. ಅಣಕು ಕಾರ್ಯಾಚರಣೆಗೆ ಅವರು ಬರುತ್ತಾರೆ, ಕೇಳುವವರು ಕಡಿಮೆ.

ಹಳೆ ಲೈಬ್ರರಿಗೆ ಸ್ಪ್ರಿಂಕ್ಲರ್ ಹಾಕಿದ್ರೆ ಪುಸ್ತಕ ಎಲ್ಲ ಒದ್ದೆಯಾಗಿ ಹಾಳಾಗೋದಿಲ್ವಾ?

ಸಿನಿಮಾದಲ್ಲಿ ಒಬ್ಬ ಸಿಗರೇಟು ಹಚ್ಚಿದರೆ ಇಡೀ ಕಟ್ಟಡಕ್ಕೆ ಮಳೆ ಸುರಿಯುತ್ತದೆ. ಸಾಮಾನ್ಯ ಸ್ಪ್ರಿಂಕ್ಲರ್ ಹಾಗೆ ಕೆಲಸ ಮಾಡುವುದಿಲ್ಲ. ಚಾವಣಿಯ ಪೈಪಿನಲ್ಲಿ ನೀರು ಚಿಮ್ಮುವ ಪ್ರತಿ ತಲೆಯಲ್ಲೂ ದ್ರವ ತುಂಬಿದ ಒಂದು ಸಣ್ಣ ಗಾಜಿನ ಬುರುಡೆ ಇರುತ್ತದೆ. ಕೆಂಪು ಬಣ್ಣದ್ದಾದರೆ 68 ಡಿಗ್ರಿಗೆ ಒಡೆಯುತ್ತದೆ. ಯಾವುದಕ್ಕೆ ಶಾಖ ತಟ್ಟಿತೋ ಅದೊಂದೇ ತೆರೆದುಕೊಳ್ಳುತ್ತದೆ. ಹೊಗೆಗೆ ಅದು ತೆರೆಯುವುದಿಲ್ಲ. ಆಮೇಲೆ ಫೈರ್‌ನವರ ಪೈಪಿನಿಂದ ಬೀಳುವ ನೀರಿಗೆ ಹೋಲಿಸಿದರೆ ಇದು ಏನೂ ಅಲ್ಲ. ಒದ್ದೆ ಪುಸ್ತಕವನ್ನು ಒಣಗಿಸಬಹುದು, ಬೂದಿಯನ್ನು ಏನೂ ಮಾಡಲಾಗುವುದಿಲ್ಲ.

ಆದರೂ ನೀರು ಬೇಡವೇ ಬೇಡ ಅನ್ನುವ ಜಾಗಗಳಿವೆ. ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳಲ್ಲಿ 1900ರ ಆಸುಪಾಸು ಆಂಟೋನಿಯೊ ಮೊಸ್ಕೆನಿ ಬರೆದ ಚಿತ್ರಗಳಿವೆ. ಅಂಥ ಕಡೆ ಒಂದೇ ಮದ್ದು ಎಲ್ಲದಕ್ಕೂ ಆಗುವುದಿಲ್ಲ. ತೀರಾ ಸಣ್ಣ ಹನಿಯ ಮಂಜು ಚಿಮ್ಮಿಸುವ ವ್ಯವಸ್ಥೆ, ಬೇಗ ಎಚ್ಚರಿಸುವ ಹೊಗೆ ಪತ್ತೆ, ರಾತ್ರಿ ಕಾವಲು ಇವುಗಳನ್ನು ಕೂಡಿಸಿ ಯೋಚಿಸಬೇಕು. ಅದು ತಿಳಿದವರ ಕೆಲಸ, ನನ್ನದಲ್ಲ.

ಹಾಕಿಸುವುದಾದರೆ ಬೇಗ ಹಾಕಿಸಿ, ಪೂರ್ತಿ ಹಾಕಿಸಿ. 2014ರ ಮೇ 23ರಂದು ಗ್ಲಾಸ್ಗೊ ಸ್ಕೂಲ್ ಆಫ್ ಆರ್ಟ್‌ನ ಹೆಸರಾಂತ ಮ್ಯಾಕಿಂಟಾಶ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಬೆಂಕಿ ಆರಿಸುವ ವ್ಯವಸ್ಥೆಯ ಕೆಲಸ ಅರ್ಧದಲ್ಲಿತ್ತು. ವಿದ್ಯಾರ್ಥಿಯೊಬ್ಬರ ಪ್ರದರ್ಶನದ ಪ್ರೊಜೆಕ್ಟರ್ ಬಿಸಿಗೆ ಫೋಮಿನ ಅನಿಲ ಹೊತ್ತಿಕೊಂಡು ಶುರುವಾದ ಬೆಂಕಿ ಅದು, ಲೈಬ್ರರಿ ಪೂರ್ತಿ ಹೋಯಿತು. ವರ್ಷಗಟ್ಟಲೆ ದುರಸ್ತಿ ಮಾಡಿ ಮುಗಿಯುತ್ತ ಬಂದಾಗ, 2018ರ ಜೂನ್ 15ರ ರಾತ್ರಿ ಮತ್ತೆ ಬೆಂಕಿ. ಈ ಸಲ ಕಟ್ಟಡದಲ್ಲಿ ಗೋಡೆಗಳಷ್ಟೇ ಉಳಿದವು. ಹಳೆ ಕಟ್ಟಡಕ್ಕೆ ದುರಸ್ತಿಯ ಕಾಲವೇ ಅಪಾಯದ ಕಾಲ. ಹಂಚಿನ ಮಾಡಿನಲ್ಲಿ ವೆಲ್ಡಿಂಗ್ ಮಾಡಿಸಿ, ಸಂಜೆ ಐದಕ್ಕೆ ಎಲ್ಲರೂ ಮನೆಗೆ ಹೋಗುವುದು ಬೇಡ. ಕೆಲಸ ಮುಗಿದ ಮೇಲೆ ಒಂದು ಗಂಟೆಯಾದರೂ ಒಬ್ಬರು ನೀರು ಹಿಡಿದು ಅಲ್ಲೇ ಕೂತಿರಲಿ.

ನನಗೆ ಇದನ್ನೇ ಓದ್ಬೇಕು ಅಂತ ಉಂಟು. ಮನೆಯಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಬಿಟ್ರೆ ಬೇರೆ ಎಂತದೂ ಗೊತ್ತಿಲ್ಲ.

ಮನೆಯವರಿಗೆ ಇದೂ ಇಂಜಿನಿಯರಿಂಗೇ ಅಂತ ಹೇಳಿ, ಸುಳ್ಳಲ್ಲ. ನಾಗಪುರದ ನ್ಯಾಷನಲ್ ಫೈರ್ ಸರ್ವಿಸ್ ಕಾಲೇಜಿನಲ್ಲಿ ಫೈರ್ ಇಂಜಿನಿಯರಿಂಗ್ ಪದವಿ ಇದೆ. ಕೇಂದ್ರ ಸರಕಾರದ ಕಾಲೇಜು, 1956ರಲ್ಲಿ ಶುರುವಾದದ್ದು. ಹತ್ತಿರದಲ್ಲಿ ಬೇಕಾದರೆ ಕೊಚ್ಚಿಯ ವಿಶ್ವವಿದ್ಯಾನಿಲಯ ಕುಸಾಟ್‌ನಲ್ಲಿ ಸೇಫ್ಟಿ ಮತ್ತು ಫೈರ್ ಇಂಜಿನಿಯರಿಂಗ್ ಬಿಟೆಕ್ ಉಂಟು. ರಾಜ್ಯದ ಇಲಾಖೆಗೆ ಸೇರುವುದಾದರೆ ಅಗ್ನಿಶಾಮಕ, ಚಾಲಕ, ಠಾಣಾಧಿಕಾರಿ ಹುದ್ದೆಗಳಿಗೆ ಬೇರೆ ಬೇರೆ ಅರ್ಹತೆ. ಅಧಿಸೂಚನೆ ಬಂದಾಗ ಓದಿ ನೋಡಿ, ಅದರಲ್ಲಿ ಎತ್ತರ, ಎದೆಯಳತೆ, ಓಟ ಎಲ್ಲ ಇರುತ್ತದೆ. ಸೇರಿದವರಿಗೆ ತರಬೇತಿ ಕೊಡುವ ಬೆಂಗಳೂರಿನ ಅಕಾಡೆಮಿಗೆ ಆರ್. ಎ. ಮುಂಡ್ಕೂರ್ ಅವರ ಹೆಸರಿದೆ. ಆ ಹೆಸರು ಕೇಳಿದ ಕೂಡಲೇ ಕಾರ್ಕಳ ಕಡೆಯ ಹುಡುಗರು ‘ನಮ್ಮ ಮುಂಡ್ಕೂರಾ?’ ಅಂತ ಕಿವಿ ನಿಮಿರಿಸುತ್ತಾರೆ, ಮುಂಡ್ಕೂರು ಅವರ ಕಡೆಯ ಒಂದು ಊರು.

ಅರ್ಜಿ ಹಾಕುವ ಮೊದಲು ಈಜು ಕಲಿತುಕೊಳ್ಳಿ. ಬೆಂಕಿಯ ಕೆಲಸ ಅಂತ ಸೇರುತ್ತೀರಿ, ಜುಲೈಯಲ್ಲಿ ನಿಮ್ಮನ್ನು ಕಳಿಸುವುದು ನೆರೆ ನೀರಿಗೆ.